ಕೋಡಿ ಬೀಳುವವರೆಗೆ ಕಾಯಬೇಡಿ

ಹಿರಿಯೂರಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಬಿದ್ದದ್ದು 2022ರಲ್ಲಿ. ಜಲಾಶಯ ತಡ ಮಾಡಿದರೆ ಯಾರೂ ದಂಡ ಹಾಕುವುದಿಲ್ಲ, ನಾವು ತಡ ಮಾಡಿದರೆ ಆದಾಯ ತೆರಿಗೆ ಇಲಾಖೆ ಹಾಕುತ್ತದೆ.

ಸಂಬಳದಾರರಿಗೂ ಪಿಂಚಣಿದಾರರಿಗೂ ರಿಟರ್ನ್ಸ್ ಸಲ್ಲಿಸುವ ಮಾಮೂಲಿ ಗಡುವು ಜುಲೈ 31. ತಪ್ಪಿದರೆ ಡಿಸೆಂಬರ್ 31ರವರೆಗೆ ಅವಕಾಶ ಉಂಟು. ಆದರೆ ಆದಾಯ 5 ಲಕ್ಷದೊಳಗಿದ್ದರೆ 1,000, ಮೀರಿದ್ದರೆ 5,000 ರೂಪಾಯಿ ವಿಳಂಬ ಶುಲ್ಕ. ತೆರಿಗೆ ಬಾಕಿಯಿದ್ದರೆ ತಿಂಗಳಿಗೆ ಶೇ 1ರಷ್ಟು ಬಡ್ಡಿ ಬೇರೆ. ಒಂದೇ ದಿನ ಜಾಸ್ತಿಯಾದರೂ ಪೂರ್ತಿ ತಿಂಗಳ ಲೆಕ್ಕ!

‘ನನಗೆ ತೆರಿಗೆಯೇ ಬರೋದಿಲ್ಲ, ದಂಡ ಎಲ್ಲಿಂದ?’ ಎನ್ನುವವರು ಚಿತ್ರದುರ್ಗದಲ್ಲಿ ಬೇಕಾದಷ್ಟಿದ್ದಾರೆ. ಎಡವುವುದು ಇಲ್ಲೇ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ರಿಯಾಯಿತಿಯಿಂದ ತೆರಿಗೆ ಸೊನ್ನೆಯಾಗಬಹುದು. ಆದರೂ ಆದಾಯ 4 ಲಕ್ಷ ದಾಟಿದರೆ ರಿಟರ್ನ್ಸ್ ಕಡ್ಡಾಯ, ತಡವಾದರೆ ಶುಲ್ಕವೂ ಕಡ್ಡಾಯ.

ಹೊಳಲ್ಕೆರೆಯ ಅಡಿಕೆ, ಹೊಸದುರ್ಗದ ತೆಂಗು ಬೆಳೆದವರ ಕೃಷಿ ಆದಾಯಕ್ಕೆ ವಿನಾಯಿತಿ ಇದೆ, ನಿಜ. ಆ ದುಡ್ಡನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟಾಗ ಬರುವ ಬಡ್ಡಿಗೆ, ಪೇಟೆಯ ಮಳಿಗೆಯ ಬಾಡಿಗೆಗೆ ಆ ವಿನಾಯಿತಿ ಇಲ್ಲ.

ಇನ್ನೊಂದು ಮಾತು. ಸಲ್ಲಿಸಿ ಸುಮ್ಮನಾಗಬೇಡಿ. 30 ದಿನದೊಳಗೆ ಆಧಾರ್ ಒಟಿಪಿ ಕೊಟ್ಟು ದೃಢೀಕರಿಸಿ. ಇಲ್ಲವಾದರೆ ದೃಢೀಕರಿಸಿದ ದಿನವೇ ಸಲ್ಲಿಸಿದ ದಿನವಾಗುತ್ತದೆ. ಫಾರಂ 16, ಪಾಸ್‌ಬುಕ್ ಇವತ್ತೇ ಹುಡುಕಿಡಿ.