ಪಿಸುಮಾತಿನ ತಟ್ಟೆ ಕಲಿಸಿದ ಪಾಠ

ತರಗತಿ: 9 | ವಿಷಯ: ವಿಜ್ಞಾನ | ಘಟಕ: ಶಬ್ದ | ಉಪಘಟಕ: ಶಬ್ದದ ಪ್ರತಿಫಲನ

ಹಿನ್ನೆಲೆ

ಬೋಧನಾಭ್ಯಾಸದ ನಡುವೆ ನಮ್ಮ ತಂಡಕ್ಕೆ ಒಂದು ದಿನದ ಶೈಕ್ಷಣಿಕ ಪ್ರವಾಸವಿತ್ತು. ಮರುದಿನವೇ ನಾನು ಶಬ್ದದ ಪ್ರತಿಫಲನದ ಪಾಠ ಮಾಡಬೇಕಿತ್ತು. ಪಾಠಯೋಜನೆಯೇನೋ ಸಿದ್ಧವಿತ್ತು. ಆದರೆ ಅದು ಹಿಂದಿನ ವರ್ಷದ ಪ್ರಶಿಕ್ಷಣಾರ್ಥಿಯೊಬ್ಬರ ದಾಖಲೆ ಪುಸ್ತಕದಿಂದ ಅಕ್ಷರಶಃ ಇಳಿಸಿಕೊಂಡದ್ದು.

ನಡೆದದ್ದು

ವಿಜ್ಞಾನ ಕೇಂದ್ರದ ಅಂಗಳದಲ್ಲಿ ಎರಡು ದೊಡ್ಡ ತಟ್ಟೆಗಳು ಸುಮಾರು ಹದಿನೈದು ಮೀಟರ್ ಅಂತರದಲ್ಲಿ ಎದುರುಬದುರಾಗಿ ನಿಂತಿದ್ದವು. ತಟ್ಟೆಯ ಮುಂದಿನ ಬಳೆಯಲ್ಲಿ ಬಾಯಿಟ್ಟು ಪಿಸುಗುಟ್ಟಿದರೆ ಇನ್ನೊಂದು ತಟ್ಟೆಯ ಬಳೆಗೆ ಕಿವಿಯಿಟ್ಟವರಿಗೆ ಕೇಳಿಸುತ್ತದೆ. ಗೆಳತಿಯನ್ನು ಆ ಕಡೆ ನಿಲ್ಲಿಸಿ ನಾನು ಈ ಕಡೆ ನಿಂತೆ. ಮಾತನಾಡುವವರು ತಟ್ಟೆಗೆ ಮುಖಮಾಡಬೇಕು. ಅಂದರೆ ಆ ಕಡೆಯವರಿಗೆ ಬೆನ್ನು.

"ಲೇ, ನಾಳೆಯ ಲೆಸನ್ ಪ್ಲಾನ್ ಪೂರ್ತಿ ಕಾಪಿ ಕಣೇ. ಸರ್‌ಗೆ ಎಲ್ಲಿ ಗೊತ್ತಾಗುತ್ತೆ!" ಎಂದೆ.

ತಟ್ಟೆಯೊಳಗಿಂದ ಗಂಡುದನಿ ಬಂತು: "ಗೊತ್ತಾಯ್ತಮ್ಮ. ಇಷ್ಟು ದೂರ ಹೇಗೆ ಕೇಳಿಸ್ತು, ಅದನ್ನ ಹೇಳು."

ತಿರುಗಿ ನೋಡಿದರೆ ಗೆಳತಿ ನೀರು ಕುಡಿಯಲು ಹೋಗಿದ್ದಳು. ಬಳೆಯ ಹತ್ತಿರ ನಮ್ಮ ಮಾರ್ಗದರ್ಶಕ ಉಪನ್ಯಾಸಕರು ನಿಂತಿದ್ದರು. ಸುತ್ತಲಿದ್ದವರಿಗೆ ಏನೂ ಕೇಳಿಸಿರಲಿಲ್ಲ. ಕೇಳಿಸಬಾರದವರಿಗೆ ಮಾತ್ರ ಕೇಳಿಸಿತ್ತು!

"ಶಬ್ದದ ಪ್ರತಿಫಲನ ಸರ್" ಎಂದೆ. "ಅದು ಹೆಸರು. ಕಾರಣ?" ಎಂದರು. ನನಗೆ ತೋಚಲಿಲ್ಲ. ಬೈಯದೆ, ತಲೆಯನ್ನು ಒಂದು ಗೇಣು ಸರಿಸಿ ಕೇಳಲು ಹೇಳಿದರು. ಅವರ ದನಿ ಕ್ಷೀಣಿಸಿತು. ಬಳೆಗೆ ಮರಳಿದಾಗ ಮತ್ತೆ ಸ್ಪಷ್ಟವಾಯಿತು. ಆಗ ಅರ್ಥವಾಯಿತು. ಬಳೆ ಇರುವುದು ಪರವಲಯ ತಟ್ಟೆಯ ಸಂಗಮಬಿಂದುವಿನಲ್ಲಿ. ಅಲ್ಲಿಂದ ಹೊರಟ ಶಬ್ದ ತಟ್ಟೆಗೆ ಬಡಿದು, ಚದುರದೆ ಸಮಾಂತರವಾಗಿ ಸಾಗುತ್ತದೆ. ಎದುರಿನ ತಟ್ಟೆ ಅದನ್ನು ತನ್ನ ಸಂಗಮಬಿಂದುವಿಗೆ ಕೂಡಿಸುತ್ತದೆ.

ತರಗತಿಯಲ್ಲಿ

ಆ ರಾತ್ರಿ ಹೊಸ ಪಾಠಯೋಜನೆ ಬರೆದೆ. ನಿಯಮವನ್ನು ಮೊದಲು ಹೇಳದೆ, ನನ್ನ ಫಜೀತಿಯನ್ನೇ ಪೀಠಿಕೆಯಾಗಿ ಹೇಳಿದೆ. ಮಕ್ಕಳು ಬಿದ್ದು ಬಿದ್ದು ನಕ್ಕರು. "ನೆಲದೊಳಗೆ ವೈರ್ ಇರಬೇಕು ಮಿಸ್" ಎಂದ ಒಬ್ಬ.

ನಂತರ ಪಠ್ಯಪುಸ್ತಕದ ಚಟುವಟಿಕೆ. ಚಾರ್ಟ್ ಕಾಗದ ಸುತ್ತಿ ಮಾಡಿದ ಎರಡು ಕೊಳವೆಗಳನ್ನು ಗೋಡೆಯ ಪಕ್ಕದ ಮೇಜಿನ ಮೇಲೆ ಓರೆಯಾಗಿಟ್ಟು, ಒಂದರ ತುದಿಯಲ್ಲಿ ಟಿಕ್ ಟಿಕ್ ಎನ್ನುವ ಗಡಿಯಾರ ಇಟ್ಟೆವು. ಇನ್ನೊಂದಕ್ಕೆ ಕಿವಿಯಿಟ್ಟು, ಶಬ್ದ ಅತಿ ಸ್ಪಷ್ಟವಾಗುವವರೆಗೆ ಸರಿಸಬೇಕು. ಗಡಿಯಾರದ ಶಬ್ದ ನೇರವಾಗಿಯೂ ಬರುತ್ತಿದ್ದುದರಿಂದ ನಡುವೆ ರಟ್ಟು ನಿಲ್ಲಿಸಬೇಕಾಯಿತು. ಇದು ನನ್ನ ಯೋಜನೆಯಲ್ಲಿರಲಿಲ್ಲ.

ಕೋನಗಳನ್ನು ಅಳೆದಾಗ ಒಂದು ಗುಂಪಿಗೆ 40 ಮತ್ತು 44 ಡಿಗ್ರಿ ಬಂತು. ಇನ್ನೊಂದು ಗುಂಪು ಕೊಳವೆ ಮುಟ್ಟುವ ಮೊದಲೇ 45, 45 ಎಂದು ಬರೆದಿತ್ತು. "ಪುಸ್ತಕದಲ್ಲಿ ಸಮ ಅಂತ ಇದೆಯಲ್ಲ ಮಿಸ್!" ನನ್ನದೇ ಪಿಸುಮಾತು ನನಗೆ ತಿರುಗಿ ಕೇಳಿಸಿದಂತಾಯಿತು. ಅಳೆದದ್ದನ್ನೇ ಬರೆಯಲು ಹೇಳಿ, ವ್ಯತ್ಯಾಸ ಏಕೆ ಬಂತೆಂದು ಚರ್ಚಿಸಿದೆವು. ಕೊಳವೆ ಅಗಲ, ಕಿವಿಯ ಅಂದಾಜು, ಕೋನಮಾಪಕ ಇಟ್ಟ ರೀತಿ ಎಂಬ ಕಾರಣಗಳನ್ನು ಮಕ್ಕಳೇ ಕೊಟ್ಟರು. ಎಲ್ಲ ಗುಂಪುಗಳ ಅಳತೆ ಕಪ್ಪುಹಲಗೆಯ ಮೇಲೆ ಬಂದಾಗ ಪತನಕೋನ, ಪ್ರತಿಫಲನಕೋನಗಳು ಹೆಚ್ಚುಕಡಿಮೆ ಸಮವೆಂದು ಅವರೇ ಹೇಳಿದರು.

"ಗೋಲಗುಮ್ಮಟದಲ್ಲೂ ಹೀಗೇನಾ?" ಎಂದು ಒಬ್ಬಳು ಕೇಳಿದಳು. ಅಲ್ಲಿಯೂ ಪ್ರತಿಫಲನವೇ, ಆದರೆ ಪಿಸುಮಾತು ದುಂಡು ಗೋಡೆಯ ಗುಂಟ ಮತ್ತೆ ಮತ್ತೆ ಪ್ರತಿಫಲಿಸುತ್ತ ಸಾಗುತ್ತದೆ ಎಂದು ಚಿತ್ರ ಬರೆದು ವಿವರಿಸಿದೆ.

ನಾನು ಕಲಿತದ್ದು

ನಕಲು ಮಾಡಿದ ಯೋಜನೆಯಲ್ಲಿ ಮಕ್ಕಳ ಉತ್ತರಗಳೂ ಮೊದಲೇ ಬರೆದಿದ್ದವು. ವೈರಿನ ಊಹೆಗೆ, 44 ಡಿಗ್ರಿಗೆ ಅಲ್ಲಿ ಜಾಗವಿರಲಿಲ್ಲ. ಸರ್ ಅವಲೋಕನ ಪುಸ್ತಕದಲ್ಲಿ ಒಂದೇ ಸಾಲು ಬರೆದರು: "ಪಾಠ ಸ್ವಂತದ್ದು. ಸ್ಪಷ್ಟವಾಗಿ ಕೇಳಿಸಿತು."