ಫೆಸೆಂಟ್ ಸಾಕುವ ಸಂತೋಷ ಮತ್ತು ನಮ್ಮ ತೋಟದಂಚಿನ ಕಾಡುಕೋಳಿ



ಕೋಳಿ ಸಾಕಣೆಯೆಂದರೆ ಮೊಟ್ಟೆ, ಮಾಂಸ, ಗೊಬ್ಬರಗಳ ಲೆಕ್ಕವೆಂದೇ ನಾವೆಲ್ಲ ತಿಳಿದಿರುತ್ತೇವೆ. ಲಾಭದ ಲೆಕ್ಕವಿಡದೆ, ಕೇವಲ ಸಂತೋಷಕ್ಕಾಗಿ ಕೋಳಿಯ ಬಳಗದ ಹಕ್ಕಿಗಳನ್ನು ಸಾಕುವವರೂ ಹಲವು ದೇಶಗಳಲ್ಲಿದ್ದಾರೆ. ಅವರ ಮೆಚ್ಚಿನ ಹಕ್ಕಿ ಫೆಸೆಂಟ್. ಬೆಳಗಾವಿ ನಗರದಲ್ಲಿ ಮನೆಯಿದ್ದು ಖಾನಾಪುರದ ಕಡೆ ತೋಟ ಮಾಡುವವರಿಗೆ ಇಂಥ ಹಕ್ಕಿಯ ಮೇಲೆ ಮನಸ್ಸಾಗುವುದು ಸಹಜ. ಕಾಡಂಚಿನ ತೋಟಗಳಲ್ಲಿ ಸಿಕ್ಕಿದ ಕಾಡುಕೋಳಿಯ ಮೊಟ್ಟೆಯನ್ನು ತಂದು ಮನೆಯ ಹೇಂಟೆಯ ಕೆಳಗೆ ಇಟ್ಟು ನೋಡೋಣವೆಂಬ ಆಸೆಯೂ ಹುಟ್ಟುವುದುಂಟು. ಆದುದರಿಂದ ಈ ವಿಷಯವನ್ನು ಇಲ್ಲಿ ವಿಚಾರಿಸುವುದು ಉಚಿತವೆನಿಸಿತು.

ಜನರು ಇವನ್ನು ಏಕೆ ಸಾಕುತ್ತಾರೆ?

ಮೊದಲನೆಯ ಕಾರಣ ಅಂದ. ಚೀನಾ ಮೂಲದ ಗೋಲ್ಡನ್ ಫೆಸೆಂಟ್ ಹುಂಜಕ್ಕೆ ಬಂಗಾರದ ಜುಟ್ಟು, ಕೆಂಪು ಎದೆ, ಮಾರುದ್ದವೆನಿಸುವ ಬಾಲ. ಮುಂಜಾನೆ ಅಂಗಳದಲ್ಲಿ ಅದು ಗರಿ ಬಿಚ್ಚಿ ಹೆಣ್ಣಿನ ಸುತ್ತ ಕುಣಿಯುವುದನ್ನು ನೋಡುವುದೇ ಸಾಕಿದವರ ಸಂಪಾದನೆ.

ಎರಡನೆಯದು, ಕೈಚಳಕದ ತೃಪ್ತಿ. ಫೆಸೆಂಟ್ ಸಾಕುವುದು ಸುಲಭವಲ್ಲ. ಬೆದರಿದರೆ ನೆಟ್ಟಗೆ ಮೇಲಕ್ಕೆ ಹಾರಿ ತಲೆಗೆ ಪೆಟ್ಟು ಮಾಡಿಕೊಳ್ಳುವುದರಿಂದ ಗೂಡಿನ ಮೇಲ್ಭಾಗಕ್ಕೆ ತಂತಿಯ ಬದಲು ಮೆತ್ತನೆಯ ಬಲೆ ಕಟ್ಟಬೇಕು. ಇಕ್ಕಟ್ಟಾದರೆ ಒಂದರ ಗರಿಯನ್ನು ಇನ್ನೊಂದು ಕಿತ್ತು ಗಾಯ ಮಾಡುತ್ತದೆ. ಗೂಡಿನಲ್ಲಿರುವ ಹೆಣ್ಣು ಅನೇಕ ವೇಳೆ ಕಾವಿಗೆ ಕೂರುವುದಿಲ್ಲ. ಆಗ ಅದರ ಮೊಟ್ಟೆಯನ್ನು ನಾಟಿ ಹೇಂಟೆಯ ಕೆಳಗೆ ಇಡುತ್ತಾರೆ. ಕೋಳಿಯ ಮೊಟ್ಟೆ 21 ದಿನಕ್ಕೆ ಒಡೆದರೆ, ಸಾಮಾನ್ಯ ಫೆಸೆಂಟ್ ಮೊಟ್ಟೆಗೆ 23 ರಿಂದ 25 ದಿನ ಬೇಕು. ಇಷ್ಟು ಕಷ್ಟಪಟ್ಟ ಮೇಲೆ ಮರಿ ಚಿಲಿಪಿಲಿಗುಟ್ಟಿದಾಗ ಆಗುವ ಹಿಗ್ಗು, ನಮ್ಮ ಅಡಿಕೆ ಸಸಿ ಮೊದಲ ಹಿಂಗಾರ ಬಿಟ್ಟಾಗಿನ ಹಿಗ್ಗಿನಂತೆಯೇ ಸರಿ.

ಮೂರನೆಯದು, ಅಪರೂಪದ ಜಾತಿಯನ್ನು ಉಳಿಸಿದೆವೆಂಬ ಸಮಾಧಾನ. ಹಿಮಾಚಲ ಪ್ರದೇಶದ ಸರಾಹನ್‌ನಲ್ಲಿ ಅರಣ್ಯ ಇಲಾಖೆಯವರು ವೆಸ್ಟರ್ನ್ ಟ್ರಾಗೋಪಾನ್ ಎಂಬ ವಿರಳ ಫೆಸೆಂಟ್‌ಗೆ ಗೂಡಿನಲ್ಲಿಯೇ ಮರಿ ಮಾಡಿಸಿದ್ದಾರೆ. ಇದು ಸರಕಾರದ ಕೆಲಸ, ಖಾಸಗಿ ಹವ್ಯಾಸವಲ್ಲ ಎಂಬುದನ್ನು ಮರೆಯತಕ್ಕದ್ದಲ್ಲ.

ನಮ್ಮಲ್ಲಿರುವ ಬಳಗ

ಫೆಸೆಂಟ್ ನಮಗೆ ಪರಕೀಯವಲ್ಲ. ನವಿಲು, ಕಾಡುಕೋಳಿ, ಚಿಟ್ಟುಕೋಳಿ, ಗೌಜಲಕ್ಕಿ ಎಲ್ಲವೂ ಅದೇ ಕುಟುಂಬದವು. ಜಾಂಬೋಟಿ, ಕಣಕುಂಬಿ, ಭೀಮಗಡದ ಸೀಮೆಯಲ್ಲಿ ಬೆಳಗಿನ ಜಾವ ಕೇಳುವ ತುಂಡು ತುಂಡಾದ ಕೂಗು ಬೂದು ಕಾಡುಕೋಳಿಯದು. ಅದರ ಹುಂಜದ ಕೊರಳ ಗರಿಗಳ ಮೇಲೆ ಅರಗಿನ ಹನಿಯಂತಹ ಬಿಳಿ, ಹಳದಿ ಚುಕ್ಕೆಗಳಿವೆ. ಆ ಗರಿಗಾಗಿ, ಮೀನಿನ ಗಾಳಕ್ಕೆ ಕಟ್ಟುವ ಕೃತಕ ನೊಣ ಮಾಡುವುದಕ್ಕೆಂದು, ಒಂದು ಕಾಲದಲ್ಲಿ ಈ ಹಕ್ಕಿಯ ಚರ್ಮಗಳು ಹಡಗಿನಲ್ಲಿ ಇಂಗ್ಲೆಂಡಿಗೆ ಹೋಗುತ್ತಿದ್ದವು. ಈಗ ಅಲ್ಲಿನವರು ಗರಿಗಾಗಿಯೇ ಇದನ್ನು ಗೂಡಿನಲ್ಲಿ ಸಾಕಿಕೊಳ್ಳುತ್ತಾರೆ.

ಇನ್ನೊಂದು ಸಂಗತಿ. ಮನೆಯ ಕೋಳಿಯ ಮೂಲ ಕೆಂಪು ಕಾಡುಕೋಳಿ. ಆದರೆ ಅದರ ಹಳದಿ ಕಾಲಿನ ಗುಣ ಬೂದು ಕಾಡುಕೋಳಿಯಿಂದ ಬಂದದ್ದೆಂದು 2008ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿಕೊಟ್ಟರು. ಅಂಗಳದಲ್ಲಿ ಹಳದಿ ಕಾಲಿನ ಹೇಂಟೆ ಓಡಾಡುತ್ತಿದ್ದರೆ, ನಮ್ಮ ಘಟ್ಟದ ಹಕ್ಕಿಯ ಪಾಲೂ ಅದರಲ್ಲಿದೆ ಎಂದು ತಿಳಿಯಬಹುದು.

ಮೊಟ್ಟೆ ತರಬಾರದು, ಏಕೆ?

1. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಕಾಡುಹಕ್ಕಿಯ ಗೂಡು, ಮೊಟ್ಟೆಗಳನ್ನು ಕೆಡಿಸುವುದು, ಕದಲಿಸುವುದು ಬೇಟೆಗೆ ಸಮಾನ. ಭೀಮಗಡವಂತೂ 2011ರಿಂದ ಅಭಯಾರಣ್ಯ. ಕುತೂಹಲಕ್ಕೆ ತಂದ ನಾಲ್ಕು ಮೊಟ್ಟೆ ಬಡ ರೈತನನ್ನು ನ್ಯಾಯಾಲಯದವರೆಗೆ ಎಳೆಯಬಲ್ಲದು.

2. ಕಾಡಿನ ಮರಿಗೆ ಬೆದರು ಹುಟ್ಟುಗುಣ. ಹೇಂಟೆ ಸಾಕಿದರೂ ಅದು ಪಳಗುವುದು ಕಷ್ಟ. ರೆಕ್ಕೆ ಬಲಿತರೆ ಹಾರಿಹೋಗುವುದು.

3. ಮನೆಯ ಕೋಳಿಯ ಕೊಕ್ಕರೆ ರೋಗ, ಅಂದರೆ ರಾಣಿಖೇತ, ಕಾಡಿನ ಹಕ್ಕಿಗಳಿಗೂ ತಗಲಬಲ್ಲದು. ಎರಡನ್ನೂ ಒಂದೆಡೆ ಸೇರಿಸಿದರೆ ಕೇಡು ಎರಡಕ್ಕೂ.

ವಿದೇಶಿ ಫೆಸೆಂಟ್ ಕೊಳ್ಳಬೇಕೆನ್ನುವವರು, ಕೆಲವು ಜಾತಿಗಳಿಗೆ ಸರಕಾರದಲ್ಲಿ ನೋಂದಣಿ ಕಡ್ಡಾಯವೆಂಬುದನ್ನು ತಿಳಿದು, ಅರಣ್ಯ ಇಲಾಖೆಯಲ್ಲಿ ವಿಚಾರಿಸಿಯೇ ಹಣ ಕೊಡತಕ್ಕದ್ದು.

ಹಾಗಾದರೆ ನಮ್ಮ ಪಾಲಿನ ಸಂತೋಷ ಯಾವುದು?

ಅದು ಎರಡು ಬಗೆ. ಅಂಗಳದಲ್ಲಿ, ನಾಟಿ ಕೋಳಿಯನ್ನೇ ಹವ್ಯಾಸದ ಶ್ರದ್ಧೆಯಿಂದ ಸಾಕುವುದು. ಹೇಂಟೆಯ ಗಾತ್ರ ನೋಡಿ 10-12 ಮೊಟ್ಟೆ ಇಡಿರಿ. 7ನೆಯ ದಿನ ಕತ್ತಲಲ್ಲಿ ದೀಪಕ್ಕೆ ಹಿಡಿದು, ನರ ಕಾಣದ ಬರಡು ಮೊಟ್ಟೆಗಳನ್ನು ತೆಗೆಯಿರಿ. ಮಳೆಗಾಲದಲ್ಲಿ ಗೂಡಿನ ನೆಲ ಒಣಗಿರಲಿ. ರಾಣಿಖೇತ ಲಸಿಕೆಯನ್ನು ಪಶು ಆಸ್ಪತ್ರೆಯವರು ಹೇಳಿದ ದಿನಕ್ಕೆ ತಪ್ಪದೆ ಹಾಕಿಸಿರಿ.

ತೋಟದಂಚಿನಲ್ಲಿ, ಕಾಡುಕೋಳಿ ಇರಲು ಬಿಡುವುದು. ಅದಕ್ಕೆ ಬೇಕಾದದ್ದು ತರಗೆಲೆ, ಪೊದೆ, ಗೆದ್ದಲು, ಹುಲ್ಲಿನ ಬೀಜ. ಬಿದಿರು, ಕಾರ್ವಿ ಬೀಜ ಉದುರಿದ ವರ್ಷ ಅದು ಗುಂಪಾಗಿ ಬರುತ್ತದೆ. ಬೇಲಿಯ ಪೊದೆಯನ್ನು ಪೂರ್ತಿ ಸವರಬೇಡಿರಿ. ದರಗಿಗೆ ಬೆಂಕಿ ಇಡಬೇಡಿರಿ, ಅದು ಗಿಡದ ಬುಡದ ತೇವಕ್ಕೂ ಒಳ್ಳೆಯದು. ಆಳುಮಕ್ಕಳು ಉರುಲು ಒಡ್ಡದಂತೆ ಹೇಳಿರಿ. ಮೊಟ್ಟೆ ಕಂಡರೆ ಮುಟ್ಟದೆ, ಆ ಜಾಗದ ಕಳೆ ಕೆಲಸವನ್ನು ಮೂರು ವಾರ ಮುಂದೂಡಿರಿ.

ಗೂಡು, ಬಲೆ, ಮೇವು ಯಾವುದರ ಖರ್ಚೂ ಇಲ್ಲದೆ ಫೆಸೆಂಟ್ ಬಳಗದ ಹಕ್ಕಿ ನಮ್ಮ ತೋಟದಂಚಿಗೆ ತಾನಾಗಿ ಬರುತ್ತದೆ. ಅದನ್ನು ಅಲ್ಲಿಯೇ ಉಳಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ.