ಮನೆಯಲ್ಲಿ ವೈಫೈ ನಿಧಾನವೇ? ಮೊದಲು ಕಾರಣ ಪತ್ತೆ ಮಾಡಿರಿ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಭಾಗದ ಅನೇಕ ರೈತ ಬಾಂಧವರು ಗೋವಿನಜೋಳದ ಧಾರಣೆಯನ್ನು ಮೊಬೈಲಿನಲ್ಲಿಯೇ ನೋಡುತ್ತಾರೆ. ಬೆಳೆವಿಮೆಯ ಕಡೆಯ ದಿನ ವೈಫೈ ಕೈಕೊಟ್ಟರೆ ನಷ್ಟವಾದೀತು. ರೋಗ ತಿಳಿಯದೆ ಔಷಧಿ ಸಿಂಪಡಿಸಬಾರದು. ಕಾರಣ ತಿಳಿಯದೆ ಹೆಚ್ಚಿನ ದರದ ಯೋಜನೆಯನ್ನೂ ಕೊಳ್ಳಬಾರದು.

1. ಮನೆಯ ಇತರ ಮೊಬೈಲ್, ಟಿ.ವಿ.ಗಳ ಬಳಕೆ ನಿಲ್ಲಿಸಿ, ರೂಟರಿನ ಪಕ್ಕದಲ್ಲಿ ವೇಗ ಅಳೆಯಿರಿ. ಅಲ್ಲಿಯೂ ನಿಧಾನವಿದ್ದರೆ ರೂಟರನ್ನು ಒಮ್ಮೆ ಆರಿಸಿ ಹಚ್ಚಿರಿ. ಸರಿಹೋಗದಿದ್ದರೆ ಸಂಪರ್ಕ ಕೊಟ್ಟವರಿಗೆ ತಿಳಿಸಿರಿ.

2. ಒಳಕೋಣೆಯಲ್ಲಿ ಮಾತ್ರ ನಿಧಾನವಿದ್ದರೆ ದಪ್ಪ ಮಣ್ಣಿನ ಗೋಡೆ, ತಗಡು, ಕಬ್ಬಿಣದ ಕಪಾಟುಗಳು ಅಲೆಗಳನ್ನು ತಡೆಯುತ್ತಿರಬಹುದು. ರೂಟರನ್ನು ಮನೆಯ ನಡುವೆ, ಆಳೆತ್ತರದಲ್ಲಿ, ತೆರೆದ ಜಾಗದಲ್ಲಿ ಇಡಬೇಕು.

3. ಗೋಡೆ ದಾಟಲು 2.4 ಗಿಗಾಹರ್ಟ್ಸ್, ಹತ್ತಿರದಲ್ಲಿ ಹೆಚ್ಚಿನ ವೇಗಕ್ಕೆ 5 ಗಿಗಾಹರ್ಟ್ಸ್ ಉತ್ತಮ.

ಇಷ್ಟು ಮಾಡಲು ಖರ್ಚಿಲ್ಲ. ಇದಾದ ನಂತರವೇ ಹಣ ವೆಚ್ಚದ ವಿಚಾರ ಮಾಡಿರಿ.